ಕೊನೇ ಹತ್ತು ಸೆಕೆಂಡಿನ ಶೂರರು

ಆನ್‌ಲೈನ್ ಹರಾಜಿನ ಬಗ್ಗೆ ಯಾರನ್ನೇ ಕೇಳಿ, ಒಂದೇ ಬುದ್ಧಿಮಾತು ಸಿಗುತ್ತೆ. "ಸುಮ್ನೆ ಕೂತಿರು. ಕೊನೇ ಹತ್ತು ಸೆಕೆಂಡಿಗೆ ಬಿಡ್ ಹಾಕು." ಹಳೇ ನಾಣ್ಯ ಕೊಳ್ಳುವವನಿಗೂ ಇದೇ ಮಾತು, ಬ್ಯಾಂಕ್ ಹರಾಜಿನಲ್ಲಿ ಸೈಟು ಹಿಡಿಯಲು ಹೊರಟವನಿಗೂ ಇದೇ ಮಾತು. ಹೇಳುವವರ ಮುಖದಲ್ಲಿ ದೊಡ್ಡ ಗುಟ್ಟು ಬಿಟ್ಟುಕೊಟ್ಟ ಕಳೆ ಬೇರೆ. ನನ್ನ ತಕರಾರು ಇಷ್ಟೇ: ಈ ಮಾತು ಒಂದು ಬಗೆಯ ಹರಾಜಿಗೆ ಮಾತ್ರ ಸರಿ. ಉಳಿದ ಕಡೆ ಅದರಿಂದ ಉಪಯೋಗವಿಲ್ಲ. ದಾವಣಗೆರೆಯಲ್ಲಿ ನಮ್ಮ ಕೈಗೆ ಸಿಗುವ ಹರಾಜುಗಳಲ್ಲಿ ಆ "ಉಳಿದ ಕಡೆ"ಯವೇ ಜಾಸ್ತಿ.

ಮೊದಲು ಅದು ಸರಿ ಇರುವ ಜಾಗ ನೋಡೋಣ. 1995ರಲ್ಲಿ ಶುರುವಾದ ಇಬೇ ಅನ್ನುವ ಅಮೆರಿಕದ ಹರಾಜು ವೆಬ್‌ಸೈಟಿನಲ್ಲಿ ಹರಾಜು ಮುಗಿಯುವ ಹೊತ್ತು ಕಟ್ಟುನಿಟ್ಟು. ಗಡಿಯಾರ ಸೊನ್ನೆಗೆ ಬಂತು ಅಂದರೆ ಮುಗೀತು, ಯಾರು ಅತ್ತರೂ ಕರೆದರೂ ಇಲ್ಲ. ಇನ್ನೊಂದು ವಿಶೇಷ, ಅಲ್ಲಿ ನೀವು ಕೊಡಬಲ್ಲ ಗರಿಷ್ಠ ಬೆಲೆಯನ್ನು ಒಂದೇ ಸಲ ಹೇಳಿಟ್ಟರೆ ಸಾಕು. ನಿಮ್ಮ ಪರವಾಗಿ ವೆಬ್‌ಸೈಟೇ ಬೇಕಾದಷ್ಟು ಮಾತ್ರ ಏರಿಸುತ್ತಾ ಹೋಗುತ್ತೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಒಂದು ತಾಮ್ರದ ಕಾಸಿಗೆ ನಾನು 4,200 ರೂಪಾಯಿ ಅಂತ ಹೇಳಿಟ್ಟೆ, ನಿಮ್ಮ ಗರಿಷ್ಠ 3,500, ಏರಿಕೆ ನೂರು ನೂರು ಅಂತಿಟ್ಟುಕೊಳ್ಳಿ. ಕಾಸು ನನಗೆ ಬರುತ್ತೆ, 3,600ಕ್ಕೆ. ನಾನು 4,200 ಹೇಳಿಟ್ಟಿದ್ದೆ ಅನ್ನೋದು ಯಾರಿಗೂ ಗೊತ್ತಾಗಲ್ಲ.

ಹಾಗಿದ್ದ ಮೇಲೆ ಮೊದಲ ದಿನವೇ 4,200 ಬರೆದು ನೆಮ್ಮದಿಯಾಗಿ ಮಲಗಬಹುದಲ್ವಾ? ಲೆಕ್ಕದ ಪ್ರಕಾರ ಹೌದು. ವಿಲಿಯಂ ವಿಕ್ರೆ ಅನ್ನುವ ಅರ್ಥಶಾಸ್ತ್ರಜ್ಞ 1961ರಲ್ಲೇ ಇದನ್ನು ತೋರಿಸಿದ್ದರು. ಗೆದ್ದವನು ಎರಡನೆಯವನ ಬೆಲೆ ಕೊಡುವುದಾದರೆ, ಪ್ರತಿಯೊಬ್ಬನೂ ತನ್ನ ನಿಜವಾದ ಬೆಲೆ ಬರೆಯುವುದೇ ಜಾಣತನ ಅಂತ. ಅದಕ್ಕೆ ನೊಬೆಲ್ ಬಂದಿದ್ದು 1996ರಲ್ಲಿ. ಘೋಷಣೆಯಾದ ಮೂರೇ ದಿನಕ್ಕೆ ಪಾಪ ತೀರಿಕೊಂಡರು.

ಆದರೆ ಮನುಷ್ಯ ಲೆಕ್ಕದ ಪ್ರಕಾರ ನಡೆಯಲ್ಲ. "ನಿಮ್ಮ ಬಿಡ್ ಹಿಂದೆ ಬಿದ್ದಿದೆ" ಅಂತ ಮೆಸೇಜ್ ಬಂದ ತಕ್ಷಣ ಮೈ ಉರಿಯುತ್ತೆ. 3,500 ಸಾಕು ಅಂತಿದ್ದವನೇ 3,700 ಅಂತಾನೆ, ಆಮೇಲೆ 3,900. ನಾನು ಮೊದಲೇ ಬಿಡ್ ಹಾಕಿದರೆ ಅವನಿಗೆ ಮೈ ಉರಿಯಲು ನಾಲ್ಕು ದಿನ ಟೈಮ್ ಕೊಟ್ಟ ಹಾಗಾಯಿತು. ಕೊನೇ ಹತ್ತು ಸೆಕೆಂಡಿಗೆ ಹಾಕಿದರೆ ಅವನು ಮೆಸೇಜ್ ನೋಡುವಷ್ಟರಲ್ಲಿ ಬಾಗಿಲು ಮುಚ್ಚಿರುತ್ತೆ. ಮಾಲೀಕನೇ ತನ್ನ ಕಡೆಯವರಿಂದ ಸುಳ್ಳು ಬಿಡ್ ಹಾಕಿಸಿ ಬೆಲೆ ಏರಿಸುವ ಆಟವೂ ಇದರಿಂದ ಕೆಡುತ್ತೆ. ಏರಿಸಲು ಎದುರಿಗೆ ಯಾರಾದರೂ ಇರಬೇಕಲ್ಲ.

ಹಳೇ ವಸ್ತುಗಳಲ್ಲಿ ಮತ್ತೊಂದು ಕಾರಣ ಇದೆ. ಕಾಸು ಅಸಲಿಯೋ ನಕಲಿಯೋ ಅಂತ ಫೋಟೋ ನೋಡಿ ಹೇಳಬಲ್ಲವರು ಕೆಲವೇ ಜನ. ಅವರಲ್ಲೊಬ್ಬರು ಬಿಡ್ ಹಾಕಿದ್ದು ಕಂಡರೆ ಉಳಿದವರಿಗೆ ಅದೇ ಸರ್ಟಿಫಿಕೇಟ್. ಹಾಗಾಗಿ ಬಲ್ಲವರು ಕೊನೆಯವರೆಗೂ ಬಾಯಿ ಬಿಡಲ್ಲ. ಆಲ್ವಿನ್ ರಾತ್ ಮತ್ತು ಆಕ್ಸೆಲ್ ಒಕೆನ್‌ಫೆಲ್ಸ್ ಅನ್ನುವ ಇಬ್ಬರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದು ಚೆನ್ನಾಗಿ ಕಾಣುತ್ತೆ. ಇಬೇಯಲ್ಲಿ ಕಂಪ್ಯೂಟರ್‌ಗಳಿಗಿಂತ ಪುರಾತನ ವಸ್ತುಗಳಿಗೇ ಕೊನೇ ಗಳಿಗೆಯ ಬಿಡ್ ಜಾಸ್ತಿ ಬೀಳುತ್ತಿತ್ತು. ಕಂಪ್ಯೂಟರ್ ಬೆಲೆ ಎಲ್ಲರಿಗೂ ಗೊತ್ತು, ಅದರಲ್ಲಿ ಮುಚ್ಚಿಡಲು ಏನಿದೆ?

ಆ ಅಧ್ಯಯನದಲ್ಲಿ ನನಗೆ ತುಂಬಾ ಹಿಡಿಸಿದ್ದು ಬೇರೆ. ಆಗ ಅಮೆಜಾನ್ ಕೂಡ ಹರಾಜು ನಡೆಸುತ್ತಿತ್ತು. ಅದರ ನಿಯಮ ಬೇರೆ. ಕೊನೇ ಹತ್ತು ನಿಮಿಷದೊಳಗೆ ಯಾರಾದರೂ ಬಿಡ್ ಹಾಕಿದರೆ ಹರಾಜು ಮುಂದಕ್ಕೆ ಹೋಗುತ್ತಿತ್ತು, ಹತ್ತು ನಿಮಿಷ ಯಾರೂ ಬಿಡ್ ಹಾಕದೆ ಇದ್ದರೆ ಮಾತ್ರ ಮುಗಿಯುತ್ತಿತ್ತು. ಅಲ್ಲಿ ಕೊನೇ ಗಳಿಗೆಯ ಬಿಡ್ ತುಂಬಾ ಕಡಿಮೆ. ಇಬೇಯಲ್ಲಿ ಪಳಗಿದವರು ತಡವಾಗಿ ಹಾಕುತ್ತಿದ್ದರು, ಅಮೆಜಾನ್‌ನಲ್ಲಿ ಪಳಗಿದವರು ಬೇಗ ಹಾಕುತ್ತಿದ್ದರು. ವ್ಯತ್ಯಾಸವೆಲ್ಲ ಹರಾಜು ಹೇಗೆ ಮುಗಿಯುತ್ತೆ ಅನ್ನುವ ಒಂದು ಸಾಲಿನ ನಿಯಮದಲ್ಲಿ.

ಈಗ ನಮ್ಮ ಊರಿಗೆ ಬನ್ನಿ. ಇಬೇ 2004ರಲ್ಲಿ ಬಾಜೀ ಡಾಟ್ ಕಾಮ್ ಅನ್ನುವ ಇಲ್ಲಿನ ವೆಬ್‌ಸೈಟನ್ನು ಕೊಂಡು ಇಂಡಿಯಾಕ್ಕೆ ಬಂತು, 2018ರ ಆಗಸ್ಟ್‌ನಲ್ಲಿ ಇಲ್ಲಿನ ಅಂಗಡಿ ಮುಚ್ಚಿತು. ಈಗ ನಮ್ಮವರು ದೊಡ್ಡ ದುಡ್ಡು ಹಾಕುವ ಆನ್‌ಲೈನ್ ಹರಾಜು ಅಂದರೆ ಬ್ಯಾಂಕುಗಳದ್ದು. ಸಾಲ ಕಟ್ಟದವರ ಮನೆ, ಸೈಟು, ಗೋಡೌನ್‌ಗಳನ್ನು 2002ರ ಸರ್ಫೇಸಿ ಕಾಯ್ದೆಯಡಿ ಹರಾಜು ಹಾಕುತ್ತಾರಲ್ಲ, ಅದು. ಅಲ್ಲಿ ನಡೆಯುವುದು ಹೆಚ್ಚೂಕಡಿಮೆ ಅಮೆಜಾನ್ ನಿಯಮ. ಕೊನೇ ಐದು ನಿಮಿಷದಲ್ಲೋ ಹತ್ತು ನಿಮಿಷದಲ್ಲೋ ಬಿಡ್ ಬಿದ್ದರೆ ಟೈಮ್ ತಾನಾಗಿಯೇ ಮುಂದಕ್ಕೆ ಹೋಗುತ್ತೆ. ನೋಟಿಸಿನಲ್ಲೇ ಬರೆದಿರುತ್ತಾರೆ. ಯಾರೂ ಓದಲ್ಲ.

ನನ್ನ ಚಿಕ್ಕಪ್ಪನ ಮಗನೂ ಓದಿರಲಿಲ್ಲ. ಊರಾಚೆ ಒಂದು ಸೈಟು, ರಿಸರ್ವ್ ಬೆಲೆ (ಅದಕ್ಕಿಂತ ಕಡಿಮೆಗೆ ಬ್ಯಾಂಕು ಮಾರಲ್ಲ) 28 ಲಕ್ಷ, ಏರಿಕೆ 25 ಸಾವಿರದ ಮೆಟ್ಟಿಲು. ಮನೇಲಿ ಲ್ಯಾಪ್‌ಟಾಪ್ ಮುಂದೆ ಕೂತಿದ್ದ. ಯುಪಿಎಸ್ ಇತ್ತು, ಪಕ್ಕದಲ್ಲಿ ಎರಡು ಕಂಪನಿಯ ಸಿಮ್ ಹಾಕಿದ ಮೊಬೈಲ್ ಇತ್ತು. ಬೆಸ್ಕಾಂ ಕೈಕೊಟ್ಟರೂ ನಡೆಯಬೇಕು ಅಂತ ಅಷ್ಟು ತಯಾರಿ. ಇಪ್ಪತ್ತು ಸೆಕೆಂಡು ಇದ್ದಾಗ ಬಿಡ್ ಒತ್ತಿದ. ಗಡಿಯಾರ ಠಕ್ ಅಂತ ಐದು ನಿಮಿಷಕ್ಕೆ ಹಾರಿತು. "ಅಣ್ಣಾ, ಇವರು ಏನೋ ಮೋಸ ಮಾಡ್ತಿದಾರೆ!" ಅಂತ ನನ್ನ ಕಡೆ ತಿರುಗಿದ. ಮೋಸ ಏನಿಲ್ಲಪ್ಪ, ನಿಯಮವೇ ಹಾಗೆ ಅಂದೆ. ಆ ಕಡೆಯವನು ನಾಲ್ಕು ನಿಮಿಷ ಆರಾಮಾಗಿ ಯೋಚನೆ ಮಾಡಿ ಇನ್ನೊಂದು ಮೆಟ್ಟಿಲು ಹತ್ತಿದ. ಇವನೂ ಹತ್ತಿದ. ಮತ್ತೆ ಐದು ನಿಮಿಷ. ಹೀಗೇ ಊಟದ ಹೊತ್ತು ಕಳೆದು ಕಾಫಿ ಹೊತ್ತಾಯಿತು.

ಅವನನ್ನು ಉಳಿಸಿದ್ದು ಅವನ ಹೆಂಡತಿ. ಹಿಂದಿನ ವಾರವೇ ಅವಳು ಲೆಕ್ಕ ಬರೆದಿದ್ದಳು. ಆ ಕಡೆ ಸೈಟುಗಳು ನಿಜವಾಗಿ ಹೋಗುತ್ತಿರುವ ಬೆಲೆ, ಬಾಕಿ ಇರಬಹುದಾದ ಕಂದಾಯ, ನೋಂದಣಿ ಖರ್ಚು, ಕಾಂಪೌಂಡ್ ರಿಪೇರಿ, ಕೋರ್ಟು ಗೀರ್ಟು ಅಂತಾದರೆ ವಕೀಲರ ಫೀಸು. ಎಲ್ಲ ಕಳೆದು ಕೊನೆಗೆ 34 ಲಕ್ಷ ಅಂತ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದಳು. 34 ದಾಟಿದ ಕೂಡಲೇ "ರೀ, ಸಾಕು" ಅಂದಳು. ಅವನು "ಇನ್ನೊಂದೇ ಒಂದು" ಅಂದ. ಅವಳು ಲ್ಯಾಪ್‌ಟಾಪ್ ಮುಚ್ಚಿಬಿಟ್ಟಳು. ಸೈಟು ಬೇರೆಯವರ ಪಾಲಾಯಿತು. ಅವನಿಗೆ ಇವತ್ತಿಗೂ ಬೇಜಾರಿದೆ, ನನಗೆ ಮಾತ್ರ ಆ ದಿನ ಅಲ್ಲಿ ಹರಾಜು ಗೊತ್ತಿದ್ದವಳು ಅವಳೊಬ್ಬಳೇ ಅನ್ನಿಸಿತು.

ಯಾಕೆ ಅಂದರೆ 34 ಲಕ್ಷಕ್ಕೆ ಗೆದ್ದಿದ್ದರೂ ಆಟ ಅಲ್ಲಿಗೆ ಮುಗಿಯುತ್ತಿರಲಿಲ್ಲ. ಸಾಮಾನ್ಯವಾಗಿ ರಿಸರ್ವ್ ಬೆಲೆಯ ಶೇ 10ರಷ್ಟು ಠೇವಣಿ ಮೊದಲೇ ಕಟ್ಟಿರುತ್ತೀರಿ, ಇಲ್ಲಿ 2.8 ಲಕ್ಷ. ಗೆದ್ದ ದಿನ, ತಪ್ಪಿದರೆ ಮುಂದಿನ ಕೆಲಸದ ದಿನದ ಬ್ಯಾಂಕ್ ವೇಳೆಯೊಳಗೆ ಗೆದ್ದ ಬೆಲೆಯ ಶೇ 25 ತುಂಬಬೇಕು. ಠೇವಣಿ ಕಳೆದು ಇನ್ನೂ 5.7 ಲಕ್ಷ. ಉಳಿದ 25.5 ಲಕ್ಷಕ್ಕೆ ಮಾರಾಟ ಖಾತ್ರಿಯಾದ ಮೇಲೆ 15 ದಿನ. ಬ್ಯಾಂಕು ಬರಹದಲ್ಲಿ ಒಪ್ಪಿದರೆ ಇನ್ನಷ್ಟು ದಿನ ಸಿಗಬಹುದು, ಒಟ್ಟು ಮೂರು ತಿಂಗಳು ಮೀರುವಂತಿಲ್ಲ. ಕಟ್ಟದೇ ಹೋದರೆ ಕಟ್ಟಿದ್ದೂ ಮುಟ್ಟುಗೋಲು. ಹದಿನೈದು ದಿನದಲ್ಲಿ ಗೃಹಸಾಲ ಮಂಜೂರಾಗಿ ಕೈಗೆ ಬರುತ್ತೆ ಅಂತ ನಂಬುವವರು ಸಾಲಕ್ಕೆ ಓಡಾಡಿದವರಲ್ಲ ಬಿಡಿ. ಜೊತೆಗೆ ನೋಟಿಸಿನಲ್ಲಿ "ಇದ್ದಲ್ಲಿ ಇದ್ದ ಹಾಗೆ" ಅಂತ ಒಂದು ಸಾಲು ಇರುತ್ತೆ, ಅಂದರೆ ಆಸ್ತಿಯಲ್ಲಿ ಏನೇ ತೊಡಕಿದ್ದರೂ ಅದು ಕೊಂಡವರ ತಲೆಗೆ. ಸ್ವಾಧೀನ ಬರೀ ಕಾಗದದ ಮೇಲಿನದೋ, ಬೀಗದ ಕೈ ನಿಜವಾಗಿ ಬ್ಯಾಂಕಿನ ಬಳಿ ಇದೆಯೋ, ಇದನ್ನು ಕೇಳದೆ ಬಿಡ್ ಹಾಕಿದವರು ಆಮೇಲೆ ಒಳಗೆ ಇರುವವರನ್ನು ಎಬ್ಬಿಸಲು ವರ್ಷಗಟ್ಟಲೆ ಓಡಾಡಬೇಕಾಗಬಹುದು.

ಬ್ಯಾಂಕ್ ಹರಾಜಿನಲ್ಲಿ ಟೈಮಿಂಗ್ ಇಲ್ಲವೇ ಇಲ್ಲ ಅಂತಲ್ಲ. ಇದೆ, ಆದರೆ ಸೆಕೆಂಡುಗಳದ್ದಲ್ಲ. ಮೊದಲ ಸುತ್ತಿನಲ್ಲಿ ಯಾರೂ ಬರದಿದ್ದರೆ ಬ್ಯಾಂಕು ಮತ್ತೆ ಹರಾಜು ಕರೆಯುತ್ತೆ, ಎಷ್ಟೋ ಸಲ ರಿಸರ್ವ್ ಇಳಿಸಿಯೇ ಕರೆಯುತ್ತೆ. ಮೊದಲ ಸಲ 30 ದಿನದ ನೋಟಿಸ್, ಮರುಹರಾಜಿಗೆ 15 ದಿನ ಸಾಕು. ಆ ಹದಿನೈದು ದಿನದಲ್ಲಿ ಹಣ, ಕೆವೈಸಿ, ಇಸಿ (ಆಸ್ತಿಯ ಋಣಭಾರ ಪತ್ರ), ವಕೀಲರ ಅಭಿಪ್ರಾಯ ಎಲ್ಲ ಸಿದ್ಧ ಇಟ್ಟುಕೊಂಡವನು ಕಾದು ಗೆಲ್ಲುತ್ತಾನೆ. ಠೇವಣಿ ಕಟ್ಟುವ ಕೊನೇ ದಿನವನ್ನೇ ಮರೆತು, ಹರಾಜಿನ ದಿನ ಬೆಳಿಗ್ಗೆ ಲಾಗಿನ್ ಆಗಲು ಒದ್ದಾಡುವವರೇ ಕೊನೇ ಹತ್ತು ಸೆಕೆಂಡಿನ ಬಗ್ಗೆ ಭಾಷಣ ಬಿಗಿಯುವುದು ಒಂದು ತಮಾಷೆ.

ಅಷ್ಟಕ್ಕೂ ಟೈಮ್ ಮುಂದಕ್ಕೆ ಹೋಗುವ ಹರಾಜು ನಮಗೇನು ಹೊಸದಾ? ಚೀಟಿ ಕೂಗುವಾಗ, ಜಾತ್ರೆಯಲ್ಲಿ ಸವಾಲು ಕೂಗುವಾಗ "ಒಂದು ಸಾರಿ, ಎರಡು ಸಾರಿ" ಅಂದ ಮೇಲೂ ಯಾರಾದರೂ ಕೈ ಎತ್ತಿದರೆ ಮತ್ತೆ ಮೊದಲಿಂದ. ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ತೇರಿನಲ್ಲಿ ಪ್ರತಿ ವರ್ಷ ಮುಕ್ತಿ ಬಾವುಟದ ಹರಾಜು ನಡೆಯುತ್ತಲ್ಲ, ನೋಡಿದ್ದೀರಾ? ಒಂದು ಬಾವುಟ, ಹತ್ತಾರು ಲಕ್ಷಕ್ಕೆ ಹೋಗುತ್ತೆ. ಅಲ್ಲಿ ಜಾಸ್ತಿ ಕೊಟ್ಟೆ ಅಂತ ಯಾರೂ ಕೊರಗಲ್ಲ. ಜಾಸ್ತಿ ಕೂಗಿದ್ದೇ ಭಕ್ತಿ, ಅದೇ ಗೌರವ, ಮರುದಿನ ಪತ್ರಿಕೆಯಲ್ಲಿ ಹೆಸರು. ಆ ಬಾವುಟವನ್ನು ಯಾರೂ ಮರುಮಾರಾಟಕ್ಕೆ ಕೊಳ್ಳಲ್ಲ. ಅಲ್ಲಿ ಹಠ ತಪ್ಪಲ್ಲ. ತೊಂದರೆ ಶುರುವಾಗುವುದು ಆ ಜಾತ್ರೆಯ ಹುರುಪನ್ನು ಬ್ಯಾಂಕಿನ ಪೋರ್ಟಲ್‌ಗೆ ಹೊತ್ತುಕೊಂಡು ಬಂದಾಗ. ಎದುರಿಗೆ ಇರುವವನು ಯಾರು ಅಂತಲೇ ಗೊತ್ತಿಲ್ಲ, ಪರದೆಯ ಮೇಲೆ ಬರೀ ಒಂದು ಸಂಖ್ಯೆ. ಆದರೂ "ಅವನಿಗೆ ಬಿಡಲ್ಲ" ಅಂತೀವಿ.

1971ರಲ್ಲಿ ಅಮೆರಿಕದ ಒಂದು ತೈಲ ಕಂಪನಿಯ ಮೂವರು ಎಂಜಿನಿಯರ್‌ಗಳು ಹೀಗೆ ಜಾಸ್ತಿ ಕೊಟ್ಟು ಗೆಲ್ಲುವುದರ ಬಗ್ಗೆಯೇ ಬರೆದಿದ್ದರು. ಸಮುದ್ರದಡಿಯ ತೈಲದ ಜಾಗಗಳಿಗೆ ಕಂಪನಿಗಳು ಬಿಡ್ ಹಾಕುತ್ತಿದ್ದವು. ಒಳಗೆ ಎಷ್ಟು ಎಣ್ಣೆ ಇದೆ ಅಂತ ಯಾರಿಗೂ ಸರಿಯಾಗಿ ಗೊತ್ತಿಲ್ಲ, ಎಲ್ಲರದ್ದೂ ಅಂದಾಜು. ಆ ಅಂದಾಜುಗಳಲ್ಲಿ ಯಾರದು ಅತಿ ಹೆಚ್ಚೋ ಅವರೇ ಗೆಲ್ಲುತ್ತಿದ್ದರು. ಅಂದರೆ ಬಹಳ ಸಲ ಗೆದ್ದವರೇ ಜಾಸ್ತಿ ತಪ್ಪಿದವರು. ಊರಾಚೆಯ ಸೈಟಿಗೂ ಇದೇ ಕಥೆ. ಹತ್ತು ಜನ ಬಿಡ್ ಹಾಕಿ ನೀವೊಬ್ಬರೇ ಮೇಲೆ ಉಳಿದರೆ, ಉಳಿದ ಒಂಬತ್ತು ಜನಕ್ಕೆ ಕಂಡಿದ್ದು ನಿಮಗೆ ಯಾಕೆ ಕಾಣಲಿಲ್ಲ ಅಂತ ಕೇಳಿಕೊಳ್ಳುವುದು ಒಳ್ಳೇದು. ಎದುರಾಳಿಗಳು ಜಾಸ್ತಿ ಇದ್ದಷ್ಟೂ ಇನ್ನಷ್ಟು ಹುಷಾರಾಗಿರಬೇಕು. ನಮ್ಮವರು ಮಾಡುವುದು ತದ್ವಿರುದ್ಧ: "ಇಷ್ಟು ಜನ ಬಂದಿದ್ದಾರೆ ಅಂದರೆ ಏನೋ ಇದೆ" ಅಂತ ಇನ್ನೂ ಮುನ್ನುಗ್ಗುತ್ತಾರೆ.

ಹರಾಜಿನ ವಿಷಯದಲ್ಲಿ ನಮ್ಮೂರಿನಲ್ಲಿ ನಿಜವಾದ ಪಂಡಿತರು ಎಪಿಎಂಸಿ ಯಾರ್ಡಿನಲ್ಲಿದ್ದಾರೆ. 2014ರಿಂದ ರಾಜ್ಯದ ಮಾರುಕಟ್ಟೆಗಳು ಒಂದೊಂದಾಗಿ ಏಕೀಕೃತ ಆನ್‌ಲೈನ್ ವ್ಯವಸ್ಥೆಗೆ ಬಂದವು. ಅಲ್ಲಿನ ಇ-ಟೆಂಡರ್ ಮೂರನೇ ಬಗೆಯದು. ಒಬ್ಬರು ಹಾಕಿದ ಬೆಲೆ ಇನ್ನೊಬ್ಬರಿಗೆ ಕಾಣಲ್ಲ, ಟೈಮ್ ಮುಗಿದ ಮೇಲೆ ಹೆಚ್ಚು ಬರೆದವನಿಗೆ ಲಾಟು, ಬರೆದಷ್ಟೂ ಕೊಡಬೇಕು. ಬೆಲೆ ಇಷ್ಟವಾಗದಿದ್ದರೆ ರೈತ ಬೇಡ ಅನ್ನಬಹುದು. ಮೆಕ್ಕೆಜೋಳದ ರಾಶಿಯ ಮುಂದೆ ಖರೀದಿದಾರರನ್ನು ಒಮ್ಮೆ ಗಮನಿಸಿ. ಮೊಣಕೈವರೆಗೂ ರಾಶಿಯೊಳಗೆ ಕೈ ಹಾಕಿ ಅಡಿಯಿಂದ ಒಂದು ಹಿಡಿ ತೆಗೆಯುತ್ತಾರೆ, ಯಾಕೆ ಅಂದರೆ ಮೇಲಿನದು ಬಿಸಿಲಿಗೆ ಒಣಗಿರುತ್ತೆ. ಒಂದು ಕಾಳು ಹಲ್ಲಿಗೆ ಕೊಟ್ಟು ಕಟ್ ಅಂತ ಸದ್ದು ಬರುತ್ತಾ ನೋಡುತ್ತಾರೆ. ಆಮೇಲೆ ತಲೆ ಎತ್ತಿ ಯಾರ್ಡನ್ನು ಒಂದು ಸುತ್ತು ನೋಡುತ್ತಾರೆ. ಇವತ್ತು ಯಾರು ಬಂದಿದ್ದಾರೆ, ಯಾರು ಬಂದಿಲ್ಲ ಅಂತ. ಪೈಪೋಟಿ ಕಡಿಮೆ ಇದ್ದರೆ ಕ್ವಿಂಟಲ್‌ಗೆ ಇನ್ನೊಂದಿಷ್ಟು ಕಡಿಮೆ ಬರೆದರೂ ನಡೆಯುತ್ತೆ, ಜಾಸ್ತಿ ಇದ್ದರೆ ತಮ್ಮ ಲೆಕ್ಕದ ಹತ್ತಿರಕ್ಕೇ ಹೋಗಬೇಕು. ಅರ್ಥಶಾಸ್ತ್ರದ ಪುಸ್ತಕದಲ್ಲಿ ಇದಕ್ಕೆ ಪುಟಗಟ್ಟಲೆ ಸಮೀಕರಣ ಇದೆ. ಇವರು ಮೊಬೈಲಿನಲ್ಲಿ ಕೋಳಿ ಆಹಾರದ ಕಂಪನಿಯ ಇವತ್ತಿನ ರೇಟು ಕೇಳಿಕೊಂಡು ಟೈಪ್ ಮಾಡಿ ಮುಗಿಸುತ್ತಾರೆ.

ಅವರೂ ಕೊನೆಯವರೆಗೆ ಕಾಯುವುದುಂಟು. ಆದರೆ ಅದು ಆ ಫೋನಿಗಾಗಿ, ಗಡಿಯಾರಕ್ಕಾಗಿ ಅಲ್ಲ.

ನಾಣ್ಯದ ಗೆಳೆಯರಿಗೆ ಎರಡು ಮಾತು. ಫೇಸ್‌ಬುಕ್, ವಾಟ್ಸಾಪ್ ಗುಂಪುಗಳಲ್ಲಿ "ರಾತ್ರಿ 9ಕ್ಕೆ ಮುಕ್ತಾಯ" ಅಂತ ಹರಾಜು ಹಾಕುತ್ತೀರಿ. 8:58ರವರೆಗೆ ಒಬ್ಬರೂ ಉಸಿರು ಬಿಡಲ್ಲ, ಆಮೇಲೆ ಒಟ್ಟಿಗೆ ಮುಗಿಬೀಳುತ್ತಾರೆ. ಕಾಮೆಂಟಿನಲ್ಲಿ ಕಾಣುವುದು ನಿಮಿಷ ಮಾತ್ರ, ಸೆಕೆಂಡು ಕಾಣಲ್ಲ. ಇಬ್ಬರದ್ದೂ 9:00 ಅಂತ ತೋರಿಸಿದರೆ ಜಗಳ, ಬ್ಲಾಕು, ಗುಂಪು ಎರಡು ಹೋಳು. "ಕೊನೇ ಬಿಡ್ ಬಿದ್ದು ಐದು ನಿಮಿಷ ಯಾರೂ ಮಾತಾಡದಿದ್ದರೆ ಮುಕ್ತಾಯ" ಅಂತ ಪೋಸ್ಟಿನ ಮೊದಲ ಸಾಲಿನಲ್ಲೇ ಹಾಕಿ. ಮಾರುವವನಿಗೂ ನಾಲ್ಕು ಕಾಸು ಜಾಸ್ತಿ ಬರುತ್ತೆ. ಇನ್ನು ದೊಡ್ಡ ಹರಾಜು ಸಂಸ್ಥೆಗಳಲ್ಲಿ ಕೊಳ್ಳುವವರು, ಗೆದ್ದ ಬೆಲೆಯ ಮೇಲೆ ಸಂಸ್ಥೆಯ ಕಮಿಷನ್ನು, ಅದರ ಮೇಲೆ ಜಿಎಸ್‌ಟಿ, ಕೊರಿಯರ್ ಎಲ್ಲ ಸೇರಿಸಿಯೇ ನಿಮ್ಮ ಗರಿಷ್ಠ ಲೆಕ್ಕ ಹಾಕಿ. ವೆಬ್‌ಸೈಟು ಒಪ್ಪಿದರೆ 4,200 ಬದಲು 4,217 ಅಂತ ಬರೆಯಿರಿ. ದುಂಡು ಸಂಖ್ಯೆ ಎಲ್ಲರ ತಲೆಗೂ ಬರುತ್ತೆ, ಸಮ ಆದರೆ ಮೊದಲು ಹಾಕಿದವನಿಗೇ ಹೋಗುತ್ತೆ.

ಕೊನೇ ಸೆಕೆಂಡಿಗೆ ತಾನೇ ಬಿಡ್ ಹಾಕುವ ಸಾಫ್ಟ್‌ವೇರ್ ಬಳಸಬಹುದಾ ಅಂತ ಒಬ್ಬರು ಇನ್‌ಬಾಕ್ಸಿನಲ್ಲಿ ಕೇಳಿದ್ದರು. ಹರಾಜು ಕಟ್ಟುನಿಟ್ಟಾಗಿ ಮುಗಿಯುವ ವಿದೇಶಿ ವೆಬ್‌ಸೈಟುಗಳಲ್ಲಿ ಬಹಳ ಜನ ಬಳಸುತ್ತಾರೆ, ಕೆಲಸವನ್ನೂ ಮಾಡುತ್ತೆ. ಆದರೆ ಅದಕ್ಕೆ ನಿಮ್ಮ ಖಾತೆಯ ಪಾಸ್‌ವರ್ಡ್ ಕೊಡಬೇಕಾಗಬಹುದು. ನಾನಂತೂ ಕೊಡಲ್ಲ. ಬ್ಯಾಂಕಿನ ಹರಾಜಿಗೆ ಅಂಥದ್ದು ಇದೆ ಅಂತ ಯಾರಾದರೂ ಲಿಂಕ್ ಕಳಿಸಿದರೆ ಒತ್ತಲೇಬೇಡಿ. ಟೈಮ್ ಮುಂದಕ್ಕೆ ಹೋಗುವ ಕಡೆ ಅದರಿಂದ ಆಗುವ ಉಪಯೋಗವಾದರೂ ಏನು ಹೇಳಿ?