ಸತ್ಯಾಂಶ: ತುಂಬಿದ ಪೆಟ್ರೋಲ್ ಟ್ಯಾಂಕ್ ಬಿಸಿಲಿಗೆ ಸಿಡಿಯುವುದಿಲ್ಲ

‘ಬೇಸಿಗೆಯಲ್ಲಿ ಟ್ಯಾಂಕ್ ಅರ್ಧ ಮಾತ್ರ ತುಂಬಿಸಿ, ಇಲ್ಲದಿದ್ದರೆ ಸ್ಫೋಟವಾಗುತ್ತದೆ, ದಿನಕ್ಕೊಮ್ಮೆ ಮುಚ್ಚಳ ತೆರೆದು ಗ್ಯಾಸ್ ಬಿಡಿ’ ಎಂಬ ಸಂದೇಶ ಶಿರಸಿಯ ಅಪ್ಪೆಮಿಡಿಯ ಹಾಗೆ ವರ್ಷವರ್ಷವೂ ಬರುತ್ತದೆ. ಜೊತೆಗೆ ಇಂಡಿಯನ್ ಆಯಿಲ್ ಹೆಸರು. ಆ ಕಂಪನಿ ಇದನ್ನು ಬಹಿರಂಗವಾಗಿಯೇ ಅಲ್ಲಗಳೆದಿದೆ. ವಾಹನ ತಯಾರಕರು ಹೇಳಿದ ಮಿತಿಯವರೆಗೆ ತುಂಬಿಸಬಹುದು.

ಪೆಟ್ರೋಲ್ ಕಿಡಿಯಿಲ್ಲದೆ ತಾನಾಗಿ ಹೊತ್ತಿಕೊಳ್ಳಲು ಸುಮಾರು 250 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕೂ ಹೆಚ್ಚಿನ ಶಾಖ ಬೇಕು. ಮಾಜಾಳಿ ತೀರದಲ್ಲಿ ದಿನವಿಡೀ ನಿಂತ, ಒಳಗೇ ಮಲಗುವ ಸೌಕರ್ಯವಿರುವ ಕ್ಯಾಂಪರ್ ವ್ಯಾನಿನ ಟ್ಯಾಂಕ್ ಅದರ ಹತ್ತಿರವೂ ಸುಳಿಯುವುದಿಲ್ಲ. ಇಂಧನ ಹಿಗ್ಗಲೆಂದೇ ಟ್ಯಾಂಕಿನಲ್ಲಿ ಜಾಗ ಬಿಟ್ಟಿರುತ್ತಾರೆ. ಬಂಕಿನಲ್ಲಿ ನಾಝಲ್ ‘ಟಕ್’ ಎಂದು ನಿಂತ ಮೇಲೂ ಚಿಲ್ಲರೆ ಲೆಕ್ಕ ಸರಿಮಾಡಲು ಇನ್ನಷ್ಟು ಹಿಂಡುತ್ತಾರಲ್ಲ, ಆ ಜಾಗವನ್ನು ನುಂಗುವುದು ಅದು. ಬೇಡವೆನ್ನಿ.

ಮುಚ್ಚಳ ತೆರೆಯುವ ಸಲಹೆಯಂತೂ ನಿಜಕ್ಕೂ ಅಪಾಯ. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ನೆಲ ಹಿಡಿದು ಸಾಗುತ್ತದೆ. ಪಕ್ಕದಲ್ಲೇ ಯಾರೋ ಚಹಾಕ್ಕೆ ಒಲೆ ಹಚ್ಚಿರುತ್ತಾರೆ.

ಡಿಸೆಂಬರ್‌ನಲ್ಲಿ ಘಟ್ಟದ ಮೇಲಿನ ಚಳಿಗೆ ವ್ಯಾನಿನ ಬಾಗಿಲು ಮುಚ್ಚಿ, ಒಳಗೆ ಇದ್ದಿಲ ಕೆಂಡ ಇಟ್ಟುಕೊಂಡು ಮಲಗುವವರಿದ್ದಾರೆ. ಕೆಂಡ ಉಗುಳುವ ವಿಷಾನಿಲ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಅದರ ಬಗ್ಗೆ ನನಗೆ ಒಂದೂ ಫಾರ್ವರ್ಡ್ ಬಂದಿಲ್ಲ.

ಕರಾವಳಿಯಲ್ಲಿ ವ್ಯಾನನ್ನು ತಿನ್ನುವುದು ಬಿಸಿಲಿಗಿಂತ ಉಪ್ಪು. ನನ್ನ ವ್ಯಾನಿನ ಮೆಟ್ಟಿಲ ಬೋಲ್ಟು ಎರಡೇ ಮಳೆಗಾಲದಲ್ಲಿ ಉಗುರು ತಾಗಿಸಿದರೆ ಪುಡಿ ಉದುರುವಷ್ಟು ತುಕ್ಕು ಹಿಡಿದಿತ್ತು. ಈಗ ಕಡಲತೀರದಿಂದ ಬಂದ ದಿನವೇ ಅಡಿಭಾಗಕ್ಕೆ ಸಿಹಿನೀರು ಹಾಯಿಸಿ ತೊಳೆಯುತ್ತೇನೆ.