ಯಾರೂ ಕೈಸನ್ನೆ ಮಾಡದ ದಿನ

2017ರ ಏಪ್ರಿಲ್‌ನಿಂದೀಚೆಗೆ ಬಂದ ಹೊಸ ಬೈಕುಗಳಲ್ಲಿ ಎಂಜಿನ್ ಶುರುವಾದೊಡನೆ ಹೆಡ್‌ಲೈಟೂ ತಾನಾಗಿಯೇ ಹತ್ತಿಕೊಳ್ಳುತ್ತದೆ. ಅದನ್ನು ಆರಿಸುವ ಸ್ವಿಚ್ಚೇ ಇರುವುದಿಲ್ಲ. ಈ ನಿಯಮವನ್ನು ಕಲಬುರಗಿಯ ಸಹೃದಯರು ಇನ್ನೂ ಒಪ್ಪಿಕೊಂಡಂತಿಲ್ಲ. 42 ಡಿಗ್ರಿ ಬಿಸಿಲಿನಲ್ಲಿ ಲೈಟು ಹಚ್ಚಿಕೊಂಡು ಹೊರಟವನನ್ನು ಕಂಡರೆ, ಎದುರಿನಿಂದ ಬರುವವರು ಐದೂ ಬೆರಳುಗಳನ್ನು ಮಡಚಿ ಬಿಡಿಸಿ ಎಚ್ಚರಿಸುತ್ತಾರೆ. ಜಗತ್ ವೃತ್ತದಿಂದ ಗಂಜ್ ಮುಟ್ಟುವಷ್ಟರಲ್ಲಿ ಇಂತಹ ಮೂರು ನಾಲ್ಕು ಸನ್ನೆಗಳಾದರೂ ನನ್ನ ಪಾಲಿಗೆ ಬರುತ್ತಿದ್ದವು. ಕಳೆದ ಮೇ ತಿಂಗಳ ಒಂದು ದಿನ ಒಂದೂ ಬರಲಿಲ್ಲ. ಕಡೆಗೂ ಊರಿಗೆ ನಿಯಮ ತಿಳಿಯಿತಲ್ಲ ಎಂದು ಹಿಗ್ಗುತ್ತಾ ಮನೆಗೆ ಬಂದು ನೋಡಿದರೆ, ಬಲ್ಬ್ ಸುಟ್ಟಿತ್ತು.

ಇಷ್ಟಕ್ಕೆಲ್ಲ ಮಿಸ್ತ್ರಿಯೇಕೆ ಎಂದುಕೊಂಡು 35 ವ್ಯಾಟ್‌ನ ಹ್ಯಾಲೊಜನ್ ಬಲ್ಬೊಂದನ್ನು ತಂದು, ಆಗಷ್ಟೇ ಮಿರ್ಚಿ ಭಜಿ ತಿಂದಿದ್ದ ಕೈಯಿಂದಲೇ ಕೂರಿಸಿದೆ. ಗಾಜನ್ನು ಬರಿಗೈಯಿಂದ ಮುಟ್ಟಬಾರದು, ಜಿಡ್ಡು ತಾಗಿದ ಜಾಗ ವಿಪರೀತ ಕಾದು ಬಲ್ಬ್ ಬೇಗ ಹಾಳಾಗುತ್ತದೆ ಎಂಬುದನ್ನು ನಾನು ತಿಳಿದದ್ದು ಅದು ಸುಟ್ಟ ಮೇಲೆ. ಎರಡನೆಯದನ್ನು ತೊಳೆದ ಕರವಸ್ತ್ರದಲ್ಲಿ, ಇಷ್ಟಲಿಂಗ ಹಿಡಿದಷ್ಟು ಭಕ್ತಿಯಿಂದ ಹಿಡಿದು ಹಾಕಿದೆ. ಐದನೆಯ ದಿನ ಅದೂ ಹೋಯಿತು. ಹೋಗುವಾಗ ಹಿಂದಿನ ದೀಪವನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಬ್ಯಾಟರಿಯ ನೀರೂ ತಳ ಕಂಡಿತ್ತು. ಬಲ್ಬಿನ ತಪ್ಪನ್ನು ರಿಂಗ್ ರಸ್ತೆಯ ಕುಣಿಗಳ ಮೇಲೂ ನೀರಿನ ತಪ್ಪನ್ನು ಸೂರ್ಯನ ಮೇಲೂ ಹಾಕಿದೆ. ನಮ್ಮ ಊರಿನಲ್ಲಿ ಸೂರ್ಯನ ಮೇಲೆ ಏನು ಹೊರಿಸಿದರೂ ಯಾರೂ ಸಾಕ್ಷಿ ಕೇಳುವುದಿಲ್ಲ.

ಮೂರನೆಯ ಬಲ್ಬಿಗೆ ಹೊರಟಾಗ ಮನೆಯವಳು, "ಏನ್ರೀ, ಇಷ್ಟು ರೊಕ್ಕ ಹಾಕೋದಕಿಂತ ಒಂದು ಕಂದೀಲು ಕಟ್ಕೊಂಡು ಹೋಗ್ರಿ" ಎಂದಳು. ಆ ಮಾತಿಗೆ ನಾಚಿಯೇ ಮಿಸ್ತ್ರಿಯ ಹತ್ತಿರ ಹೋದೆ.

ಆತ ಬೈಕನ್ನು ಮುಟ್ಟಲೇ ಇಲ್ಲ; ಸುಟ್ಟ ಬಲ್ಬನ್ನು ಬಿಸಿಲಿಗೆ ಹಿಡಿದು ನೋಡಿದ. "ತಂತಿ ಹರಿದು ಗಾಜು ತಿಳಿ ಇದ್ರ ಕುಣಿ ತಪ್ಪು ಅಂತಿದ್ದೆ, ಸರ. ಇದು ಒಳಗ ಕರ್ರಗ ಆಗ್ಯಾದ. ಕರೆಂಟ್ ಜಾಸ್ತಿ ಬರ್ಲತ್ತದ." ಮೀಟರಿನ ಎರಡು ತಂತಿಗಳನ್ನು ಬ್ಯಾಟರಿಗೆ ಹಿಡಿದಾಗ, ಎಂಜಿನ್ ಬಂದ್ ಇರುವಾಗ 12.6 ವೋಲ್ಟ್ ಇದ್ದುದು, ಆಕ್ಸಿಲರೇಟರ್ ತಿರುವಿದೊಡನೆ 17ಕ್ಕೆ ಏರಿತು. ಅದು ಹದಿನಾಲ್ಕೂವರೆಯ ಆಸುಪಾಸಿನಲ್ಲೇ ನಿಲ್ಲಬೇಕು. ಹಾಗೆ ನಿಲ್ಲಿಸುವ ರೆಗ್ಯುಲೇಟರ್ ಎಂಬ ಕಾವಲುಗಾರ ಬಾಗಿಲು ತೆರೆದಿಟ್ಟು ಮಲಗಿದ್ದ. ನನ್ನ ಬಲ್ಬುಗಳು ಸುಟ್ಟದ್ದೂ, ಬ್ಯಾಟರಿಯ ನೀರು ಕುದಿದು ಬತ್ತಿದ್ದೂ ಅದೊಂದೇ ಕಾರಣಕ್ಕೆ. ಮಿಸ್ತ್ರಿ ಮೊದಲು ತುಕ್ಕು ಹಿಡಿದಿದ್ದ ಅರ್ಥ್ ತಂತಿಯ ಬೋಲ್ಟನ್ನು ಬಿಚ್ಚಿ ಉಜ್ಜಿ ನೋಡಿದ, ಏಕೆಂದರೆ ಕೆಲವೊಮ್ಮೆ ಅಷ್ಟರಿಂದಲೇ ಸರಿಹೋಗುವುದುಂಟಂತೆ. ನನ್ನ ದೈವ ಅಷ್ಟು ಸೋವಿಯದಲ್ಲ. ಹೊಸ ರೆಗ್ಯುಲೇಟರ್ ಕೂರಿಸಿದ ಮೇಲೆ ಮೀಟರು 14.2ರಲ್ಲಿ ನಿಂತಿತು.

"ಇದಕ್ಕಿಂತ ಮೊದಲು ಎಷ್ಟು ಬಲ್ಬ್ ಹಾಕಿದ್ರಿ, ಸರ?" ಎಂದು ಆತ ಕೇಳಿದಾಗ, ನಾನು ಗೋಡೆಯ ಮೇಲಿದ್ದ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದೆ.

ಮರುದಿನ ಮಟಮಟ ಮಧ್ಯಾಹ್ನ ಜಗತ್ ವೃತ್ತದ ಬಳಿ ರುಮಾಲು ಸುತ್ತಿದ ಹಿರಿಯರೊಬ್ಬರು ಎದುರಿನಿಂದ ಬಂದು, ಐದೂ ಬೆರಳುಗಳನ್ನು ಮಡಚಿ ಬಿಡಿಸಿ, "ತಮ್ಮಾ, ಲೈಟ್ ಹತ್ತ್ಯಾದ ನೋಡು!" ಎಂದು ಕೂಗಿದರು.

"ಹೌದ್ರಿ ಕಾಕಾ, ಹತ್ತ್ಯಾದ!" ಎಂದು ನಾನು ಅವರಿಗಿಂತ ಜೋರಾಗಿ ಕೂಗಿದೆ.