‘ಗುಡ್ ಕಿಂಗ್ ವೆನ್ಸೆಸ್ಲಾಸ್’ ಸಾವಿರ ವರ್ಷದ ಹಾಡಲ್ಲ: ಒಂದು ಸ್ಪಷ್ಟನೆ

‘ಈ ಕ್ರಿಸ್‌ಮಸ್ ಗೀತೆ 10ನೇ ಶತಮಾನದ್ದು, ರಾಜ ವೆನ್ಸೆಸ್ಲಾಸ್ ಬದುಕಿದ್ದಾಗಲೇ ಹುಟ್ಟಿದ್ದು’ ಎಂಬ ಸಂದೇಶ ಹರಿದಾಡುತ್ತಿದೆ. ಇದು ತಪ್ಪು. ಹಿಮದಲ್ಲಿ ಬಡವನಿಗೆ ನೆರವಾಗಲು ಹೊರಟ ರಾಜನ ಕಥೆ ಹೇಳುವ ಇಂಗ್ಲಿಷ್ ಹಾಡು ಇದು. 10ನೇ ಶತಮಾನಕ್ಕೆ ಸೇರಿದವನು ಅದರ ಕಥಾನಾಯಕ ವೆನ್ಸೆಸ್ಲಾಸ್ ಮಾತ್ರ. ಆತ ಬೊಹೆಮಿಯಾದ (ಈಗಿನ ಚೆಕ್ ಗಣರಾಜ್ಯದ ಭಾಗ) ಡ್ಯೂಕ್. ತನ್ನ ತಮ್ಮ ಬೊಲೆಸ್ಲಾವನ ಕಡೆಯವರಿಂದ ಹತನಾದ. ಬದುಕಿದ್ದಾಗ ಆತನಿಗೆ ರಾಜ ಪದವಿ ಇರಲಿಲ್ಲ.

ಸಾಹಿತ್ಯ ಬರೆದವರು ಇಂಗ್ಲೆಂಡಿನ ಪಾದ್ರಿ ಜಾನ್ ಮೇಸನ್ ನೀಲ್. ಅಚ್ಚಾದದ್ದು 1853ರಲ್ಲಿ.

ಮಧ್ಯಯುಗದ ನಂಟಿರುವುದು ಧಾಟಿಗೆ, ಅದೂ ಕ್ರಿಸ್‌ಮಸ್ಸಿನದಲ್ಲ! 1582ರಲ್ಲಿ ಅಚ್ಚಾದ ‘ಪಿಯೆ ಕಾಂಟಿಯೋನೆಸ್’ ಎಂಬ ಲ್ಯಾಟಿನ್ ಗೀತಸಂಗ್ರಹದಲ್ಲಿ ಇದೇ ಧಾಟಿಗಿರುವುದು ‘ಟೆಂಪುಸ್ ಅಡೆಸ್ಟ್ ಫ್ಲೋರಿಡುಮ್’, ಅಂದರೆ ‘ಹೂವರಳುವ ಕಾಲ ಬಂತು’ ಎಂಬ ವಸಂತಗೀತೆ. ಅದರ ಪದಗಳ ಒಂದು ರೂಪ 13ನೇ ಶತಮಾನದ ‘ಕಾರ್ಮಿನಾ ಬುರಾನಾ’ ಹಸ್ತಪ್ರತಿಯಲ್ಲೂ ಇದೆ. ಉಚ್ಚರಿಸಿ ಎಣಿಸಿದರೆ ನಂಟು ಕಿವಿಗೇ ಗೊತ್ತಾಗುತ್ತದೆ: ‘ಟೆಂ-ಪುಸ್-ಅ-ಡೆಸ್ಟ್-ಫ್ಲೋ-ರಿ-ಡುಮ್’ ಏಳು, ‘ಗುಡ್-ಕಿಂಗ್-ವೆನ್-ಸೆಸ್-ಲಾಸ್-ಲುಕ್ಡ್-ಔಟ್’ ಕೂಡ ಏಳು. ಮುಂದಿನ ಸಾಲು ಎರಡರಲ್ಲೂ ಆರು. ಚಿಗುರಿನ ಹಾಡಿನ ಮೇಲೆ ಹಿಮದ ಕಥೆ ಅಷ್ಟು ಚೆನ್ನಾಗಿ ಕೂತಿದೆ.

ಇನ್ನೊಂದು ಮಾತು. ಹಾಡಿನಲ್ಲಿ ಬರುವ ಸಂತ ಸ್ಟೀಫನ್ ಹಬ್ಬ ಡಿಸೆಂಬರ್ 26. ಯೇಸುವಿನ ಜನನದ ಪ್ರಸ್ತಾಪವೇ ಇದರಲ್ಲಿಲ್ಲ. ಸಂದೇಶದಲ್ಲಿ ‘ಜನನಗೀತೆ’ ಎಂದಿರುವುದೂ ಸರಿಯಲ್ಲ.

ದಯವಿಟ್ಟು ಆ ಸಂದೇಶವನ್ನು ಮುಂದಕ್ಕೆ ಕಳಿಸಬೇಡಿ. ಗಾಯನ ಕಾರ್ಯಕ್ರಮದ ಕರಪತ್ರದಲ್ಲಿ ಹಾಕುವುದಾದರೆ ಹೀಗೆ ಬರೆಯಿರಿ: ‘ಸಾಹಿತ್ಯ: ಜಾನ್ ಮೇಸನ್ ನೀಲ್, 1853. ಧಾಟಿ: ಪಿಯೆ ಕಾಂಟಿಯೋನೆಸ್, 1582.’